ಗೋಡೆ ಎದ್ದ ಮಾತ್ರಕ್ಕೆ ಮನೆಯಾಯಿತೆ?

ಮೈಸೂರಿಗೆ ಬಡವರ ಮನೆಯ ಮಾತು ಹೊಸದೇನಲ್ಲ. ಪ್ಲೇಗು ಮಾರಿ ಊರನ್ನು ಅಲ್ಲಾಡಿಸಿ ಹೋದ ಮೇಲೆ, 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಆಮೇಲೆ 1973ರ ಕೊಳಚೆ ಪ್ರದೇಶ ಕಾಯ್ದೆ ಬಂತು. ಆಶ್ರಯ ಯೋಜನೆ ಬಂತು. 2005ರಲ್ಲಿ ನರ್ಮ್, 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಬಂದವು. ಹೆಸರು ಬದಲಾಯಿತು, ಬೋರ್ಡು ಬದಲಾಯಿತು. ದುಡ್ಡು ಬಂದ ಕೂಡಲೆ ಊರಾಚೆ ಜಾಗ ಹುಡುಕಿ, ಬೆಂಕಿಪೊಟ್ಟಣದಂಥ ಮನೆಗಳನ್ನು ಒಂದರ ಮೇಲೊಂದು ಪೇರಿಸುವ ಚಾಳಿ ಮಾತ್ರ ಬದಲಾಗಲಿಲ್ಲ.

ಮಾರ್ಕೆಟ್ಟಿನ ಬಳಿ ಹೂ ಮಾರುವ ಹೆಂಗಸೊಬ್ಬಳನ್ನು ಮೊನ್ನೆ ಮಾತಿಗೆಳೆದೆವು. ಅವಳ ಹೆಸರಿಗೆ ಊರಾಚೆ ಮನೆ ಸಿಕ್ಕಿದೆ. ವಾಸ ಮಾತ್ರ ಹಳೇ ಗುಡಿಸಲಲ್ಲೇ.

“ಮನೆ ಚೆನ್ನಾಗೈತೆ ಸ್ವಾಮಿ. ಹೊಟ್ಟೆಪಾಡು ಇಲ್ಲೈತಲ್ಲ? ನಾಲ್ಕು ಗಂಟೇಗೆ ಹೂ ಹಿಡೀಬೇಕು.”

“ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ಲವೇನಮ್ಮ?”

“ಪುಕ್ಕಟೇನೆಯ. ಆದ್ರೆ ಆ ಹೊತ್ನಲ್ಲಿ ಬಸ್ಸು ಎಲ್ಲೈತೆ? ಆಟೋದೋನಿಗೆ ಕೊಟ್ರೆ ನನಗೇನು ಮಿಗ್ತದೆ?”

ಕಡತದಲ್ಲಿ ಆಕೆ ‘ಫಲಾನುಭವಿ’. ಮನೆಗೆ ಬೀಗ, ಗುಡಿಸಲಿಗೆ ದೀಪ!

ಲೆಕ್ಕ ಹಾಕಿ ನೋಡಿ

ಉದಾಹರಣೆಗೆ, ಪಾಲಿಕೆಯ ಕೈಯಲ್ಲಿ ವಸತಿಗೆಂದು 10 ಕೋಟಿ ರೂಪಾಯಿ ಇದೆ ಅನ್ನೋಣ. 30 ಚದರ ಮೀಟರಿನ, ಅಂದರೆ ಸುಮಾರು 323 ಚದರಡಿಯ ಫ್ಲಾಟೊಂದಕ್ಕೆ 8 ಲಕ್ಷವೆಂದರೆ 125 ಸಂಸಾರಗಳಿಗೆ ಮನೆ. ಅಲ್ಲಿಗೆ ಗಂಟು ಖಾಲಿ.

ಅದೇ ದುಡ್ಡನ್ನು, ಈಗಿರುವ ಜಾಗದಲ್ಲೇ ಮನೆ ಕಟ್ಟಿಕೊಳ್ಳುವವರಿಗೆ ತಲಾ ಒಂದು ಲಕ್ಷದಂತೆ ಕೊಟ್ಟರೆ ಸಾವಿರ ಸಂಸಾರ. 2015ರ ಆವಾಸ್ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ಕೇಂದ್ರದ ಪಾಲು ಒಂದೂವರೆ ಲಕ್ಷವಿತ್ತು. ಅಂಥ ನೆರವಿನ ಜೊತೆಗೆ ಪಾಲಿಕೆಯ ಲಕ್ಷವೂ ಸೇರಿದರೆ ಬಡವನ ಬೆನ್ನಿನ ಹೊರೆ ಅಷ್ಟು ಇಳಿದಂತೆ.

ಆದರೆ ಇಲ್ಲೊಂದು ತೊಡಕಿದೆ. ಹಕ್ಕುಪತ್ರವಿಲ್ಲದವನಿಗೆ ಈ ನೆರವೂ ಇಲ್ಲ, ಬ್ಯಾಂಕಿನ ಸಾಲವೂ ಇಲ್ಲ. ಇದ್ದವನಿಗೂ ಸಹಾಯಧನ ಬರುವುದು ಕಂತು ಕಂತಾಗಿ. ಕಂತು ತಡವಾದರೆ ಗೋಡೆ ಅರ್ಧಕ್ಕೆ ನಿಲ್ಲುತ್ತದೆ, ಬಡ್ಡಿಯವನು ಬಾಗಿಲಿಗೆ ಬರುತ್ತಾನೆ. ಆದ್ದರಿಂದ ಮೊದಲ ಖರ್ಚು ಅಳತೆ ಮಾಡಿಸಿ ಹಕ್ಕುಪತ್ರ ಕೊಡುವುದಕ್ಕೆ ಆಗಬೇಕು. ನೀರು, ಚರಂಡಿ, ಕಕ್ಕಸು ಎರಡನೆಯದು. ಕಂತು ತಡವಾದಾಗ ಮುಂಗಡ ಕೊಟ್ಟು, ಬಂದ ಮೇಲೆ ವಾಪಸು ಪಡೆಯುವ ಸಣ್ಣ ನಿಧಿ ಮೂರನೆಯದು. ಒಡಿಶಾ ಸರ್ಕಾರ 2017ರಲ್ಲಿ ಕಾನೂನನ್ನೇ ತಂದು ಕೊಳಗೇರಿಯವರಿಗೆ ಭೂಮಿಯ ಹಕ್ಕು ಕೊಡಲು ಹೊರಟಿತು. ನಮ್ಮಲ್ಲೂ ನಿಯಮಗಳಿಗೆ ಬರವಿಲ್ಲ. ಕಡತದ ಕಾಲಿಗೆ ಮಾತ್ರ ಸರಪಳಿ.

ಈಜಿಪುರದ ಪಾಠ

ಹಾಗಾದರೆ ಫ್ಲಾಟುಗಳೇ ಬೇಡವೆ? ಬೇಕು. ರಾಜಕಾಲುವೆಯ ಅಂಚಿನಲ್ಲಿ, ಹೈಟೆನ್ಷನ್ ತಂತಿಯ ಕೆಳಗೆ ಮಕ್ಕಳನ್ನು ಕಟ್ಟಿಕೊಂಡು ಕೂತವರನ್ನು ಅಲ್ಲೇ ಇರಿ ಎನ್ನುವುದು ಪಾಪದ ಕೆಲಸ. ಅವರಿಗೆ ಕಟ್ಟಿಕೊಡಿ, ಆದರೆ ಕೂಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ.

ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು? ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ ಬ್ಲಾಕುಗಳು ಒಂದು ತಲೆಮಾರು ಕೂಡ ಬಾಳಲಿಲ್ಲ, ಕುಸಿದವು. 2013ರ ಜನವರಿಯ ಚಳಿಯಲ್ಲಿ ಅಲ್ಲಿ ಉಳಿದಿದ್ದವರನ್ನೂ ಬೀದಿಗೆ ತಳ್ಳಲಾಯಿತು. ಏಳುವ ಪ್ರತಿ ಕಟ್ಟಡದ ಜೊತೆಗೆ ಅದರ ರಿಪೇರಿಗೆಂದು ಒಂದು ಇಡುಗಂಟನ್ನೂ ಬ್ಯಾಂಕಿನಲ್ಲಿಡಬೇಕು. ಉದ್ಘಾಟನೆಯ ಶಾಮಿಯಾನಕ್ಕೆ ಸಿಗುವ ಹಣ ಸೋರುವ ಪೈಪಿಗೆ ಯಾಕೆ ಸಿಗುವುದಿಲ್ಲ?

ಇನ್ನು, ಮನೆಯ ಒಡೆತನವೇ ಬೇಡದವರೂ ಇದ್ದಾರೆ. ಗಾರೆ ಕೆಲಸಕ್ಕೆ ಬಂದ ಹೊರಜಿಲ್ಲೆಯ ಜನ, ಹೋಟೆಲ್ ಮಾಣಿಗಳು. ಇವರಿಗೆ ಬೇಕಾದ್ದು ಕಡಿಮೆ ಬಾಡಿಗೆಯ ಕೋಣೆ. ಬೀಗ ಬಿದ್ದಿರುವ ಮನೆಗಳನ್ನು ಪಾಲಿಕೆಯೇ ದುರಸ್ತಿ ಮಾಡಿ ಬಾಡಿಗೆಗೆ ಕೊಡಬಾರದೇಕೆ?

ಪಾಲಿಕೆ ತನ್ನ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟರಿಗೆ, ಶೇ. 7.25ನ್ನು ಇತರ ಬಡವರಿಗೆ ತೆಗೆದಿಡಬೇಕೆಂಬ ನಿಯಮವಿದೆ. ಈ ಹಣ ಯಾವ ವಾರ್ಡಿನ ಯಾವ ಬೀದಿಗೆ ಹೋಯಿತೆಂದು ವರ್ಷಕ್ಕೊಮ್ಮೆ ಪಾಲಿಕೆಯ ಬಾಗಿಲಿಗೆ ಪಟ್ಟಿ ಅಂಟಿಸಲಿ. ಓದು ಬಾರದವರಿಗೆ ಓದಿ ಹೇಳಲು ಜನರಿದ್ದಾರೆ.

ಮನೆ ಕಟ್ಟಿ ನೋಡು ಅಂದರು ಹಿರಿಯರು. ಅಧಿಕಾರಿಗಳು ಕಟ್ಟಿಯೂ ಆಯಿತು, ಫೋಟೋ ತೆಗೆಸಿಕೊಂಡೂ ಆಯಿತು. ಇನ್ನಾದರೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾರ್ಕೆಟ್ಟಿನ ಕಡೆ ಬರಲಿ. ಎಲ್ಲಿ ಕಟ್ಟಬೇಕಿತ್ತೆಂದು ಆ ಹೂವಿನವಳೇ ಹೇಳುತ್ತಾಳೆ.