ಕೆಲಸ ಹೋತು, ರೊಟ್ಟಿ ಉಳೀತು

ಬೈಲಹೊಂಗಲ ಸೀಮೆಯಲ್ಲಿ ಊಟಕ್ಕೆ ಕುಳಿತವರಿಗೆ ‘ಸಾಕು’ ಅನ್ನುವ ಹಕ್ಕಿಲ್ಲ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ‘ಇದೊಂದ ಹಾಕ್ಕೋರಿ, ತೆಳ್ಳಗೈತಿ’ ಅನ್ನುತ್ತ ಮತ್ತೊಂದು ರೊಟ್ಟಿ ಬಿದ್ದೇ ಬೀಳುತ್ತದೆ. ಬೇಡ ಅಂದರೆ ಬಡಿದವರ ಮನಸ್ಸಿಗೆ ನೋವು. ಹಾಕಿಸಿಕೊಂಡರೆ ಉಂಡವರ ಹೊಟ್ಟೆಗೆ ಭಾರ. ನಮ್ಮ ಸಂಗೊಳ್ಳಿಯಲ್ಲೂ ಇದೇ ಪದ್ಧತಿ, ಇದೇ ಪ್ರೀತಿ.

ಆದರೆ ಈಗೀಗ ನನ್ನ ವಾರಿಗೆಯವರು, ಅಂದರೆ ನಲವತ್ತೈದು ದಾಟಿದವರು, ನಾಲ್ಕು ಮಂದಿ ಕೂಡಿದರೆ ಮಾತು ಮಳೆ-ಬೆಳೆಯಿಂದ ಶುರುವಾಗಿ ಶುಗರಿಗೆ ಬಂದು ನಿಲ್ಲುತ್ತದೆ. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಬಿ.ಪಿ., ಇನ್ನೊಬ್ಬರು ಊಟಕ್ಕೆ ಮೊದಲು ಗುಳಿಗೆ ಹುಡುಕುತ್ತಾರೆ. ನಮ್ಮ ಮೈದುನನಿಗೆ ನಲವತ್ತೆರಡಕ್ಕೇ ಶುಗರ್ ಬಂತು. ‘ಪ್ಯಾಟಿ ಮಂದಿ ಬ್ಯಾನಿ ಹಳ್ಳಿಗೆ ಹೆಂಗ ಬಂತವಾ?’ ಎಂದು ನಮ್ಮ ಅತ್ತಿ ಕೇಳಿದರು. ಆ ಪ್ರಶ್ನೆಗೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇತ್ತು.

ಅವ್ವನ ದಿನ, ನನ್ನ ದಿನ

ನಮ್ಮವ್ವ ಕೋಳಿ ಕೂಗುವ ಹೊತ್ತಿಗೆ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು. ನೀರಿಗೆ ಕೊಡ ಹೊತ್ತು ಮೂರು-ನಾಲ್ಕು ಸಲ ತಿರುಗಬೇಕು. ಆಮೇಲೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡಿಗೆ. ಅಲ್ಲಿ ಬಗ್ಗಿ ಕಸ ತೆಗೆಯುವುದು, ಸುಗ್ಗಿಯಲ್ಲಿ ಜೋಳ ಕೊಯ್ಯುವುದು, ಸಂಜೆ ತಲೆ ಮೇಲೆ ಹೊರೆ. ಆ ದಿನಕ್ಕೆ ಐದು ರೊಟ್ಟಿ ಹೆಚ್ಚಲ್ಲ.

ನನ್ನ ದಿನದಲ್ಲಿ ಹಿಟ್ಟು ಗಿರಣಿಯಿಂದ ಬರುತ್ತದೆ, ನೀರು ನಳದಲ್ಲಿ, ಚಟ್ನಿ ಮಿಕ್ಸರಿನಲ್ಲಿ. ಗ್ಯಾಸಿನ ಒಲೆ ಊದಬೇಕಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಹೋಗುತ್ತದೆ, ಯಜಮಾನರು ಬೈಕಿನ ಮೇಲೆ ಹೋಗಿ ನೋಡಿ ಬರುತ್ತಾರೆ. ರಂಟಿ, ಕುಂಟಿ ಹಿಡಿದ ಕೈಯಲ್ಲಿ ಈಗ ಮೊಬೈಲು. ಕೆಲಸ ಹೋಯಿತು, ರೊಟ್ಟಿ ಮಾತ್ರ ಅಷ್ಟೇ ಉಳಿಯಿತು.

ಹಳೆಯ ಕಾಲವೇ ಚಂದ ಎಂದು ನಾನು ಹೇಳುತ್ತಿಲ್ಲ. ಆ ದುಡಿಮೆಯಲ್ಲಿ ಅವ್ವನ ಸೊಂಟ ಬಾಗಿಹೋಯಿತು. ಬೀಸುವ ಕಲ್ಲು ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಅದು ಹೋದ ಮೇಲೆ ತಾಟಿನ ಲೆಕ್ಕವೂ ಬದಲಾಗಬೇಕಿತ್ತು, ಅದು ಆಗಲಿಲ್ಲ.

ಈ ಲೆಕ್ಕವನ್ನು ಅಂಕಿಯಲ್ಲಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ, 55 ಕಿಲೊ ತೂಕದ ಹೆಂಗಸು ಕಷ್ಟದ ದುಡಿಮೆ ಮಾಡಿದರೆ ದಿನಕ್ಕೆ 2,720 ಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡುವವಳಿಗೆ 1,660 ಸಾಕು. 65 ಕಿಲೊ ತೂಕದ ಗಂಡಸಿಗೆ ಅದೇ ಲೆಕ್ಕ 3,470 ಮತ್ತು 2,110. ಅಂದರೆ ಹೆಂಗಸಿಗೆ ಸಾವಿರ ಚಿಲ್ಲರೆ, ಗಂಡಸಿಗೆ 1,360 ಕ್ಯಾಲೊರಿಯ ವ್ಯತ್ಯಾಸ.

ನಮ್ಮ ಮನೆಯ ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆ ಎಂದು ತೂಗಿ ನೋಡಿದೆ. 60 ಗ್ರಾಂ. ಜೋಳದ ಹಿಟ್ಟಿನಲ್ಲಿ 100 ಗ್ರಾಮಿಗೆ ಸುಮಾರು 335 ಕ್ಯಾಲೊರಿ, ಹಾಗಾಗಿ ರೊಟ್ಟಿಗೆ 200. ಅವ್ವನಿಗೂ ನನಗೂ ಇರುವ ಅಂತರ ಸುಮಾರು ಐದು ರೊಟ್ಟಿ!

ವಯಸ್ಸಿನ ಮೇಲೆ ಗೂಬೆ ಬೇಡ

‘ವಯಸ್ಸಾತು, ಮೈ ಬರೂದ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ತೆಗೆದಿದ್ದರು, ಎಂಟು ದಿನದ ಕೂಸಿನಿಂದ ತೊಂಬತ್ತೈದರ ಮುದುಕರವರೆಗೆ. ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ, ಮೈ ಶಕ್ತಿ ಖರ್ಚು ಮಾಡುವ ವೇಗ 20ರಿಂದ 60 ವರ್ಷದವರೆಗೆ ಹೆಚ್ಚು ಕಡಿಮೆ ಒಂದೇ ಇರುತ್ತದೆ ಎಂದು ಅದರಲ್ಲಿ ಕಂಡುಬಂತು. ನಡುವಯಸ್ಸಿನ ಹೊಟ್ಟೆಗೆ ವಯಸ್ಸೊಂದೇ ಕಾರಣವಲ್ಲ ಎಂದ ಹಾಗಾಯಿತು.

ಹಾಗಾದರೆ ಬದಲಾಗುವುದು ಏನು? ಒಂದು, ನಾವು ಓಡಾಡುವುದು ಕಡಿಮೆಯಾಗುತ್ತದೆ. ಎರಡು, ಮೂವತ್ತು ದಾಟಿದ ಮೇಲೆ ಸ್ನಾಯು ಮೆಲ್ಲಗೆ ಕರಗುತ್ತ ಹೋಗುತ್ತದೆ, ಕೆಲಸ ಕೊಡದಿದ್ದರೆ ಇನ್ನೂ ಬೇಗ. ಉಂಡ ಸಕ್ಕರೆಯನ್ನು ಬಳಸಿಕೊಳ್ಳುವ ದೊಡ್ಡ ಜಾಗವೇ ಸ್ನಾಯು. ಅದು ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ಉಳಿಯುತ್ತದೆ. ಮೂರು, ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರಲ್ಲಿ ಕೊಬ್ಬು ತೊಡೆ ಬಿಟ್ಟು ಹೊಟ್ಟೆಗೆ ಬಂದು ಕೂರುತ್ತದೆ.

ನಮ್ಮ ದೇಶದವರಿಗೆ ಹೊಟ್ಟೆಯ ಕೊಬ್ಬಿನದೇ ದೊಡ್ಡ ಕಾಟ. ತೂಕಕ್ಕಿಂತ ಟೇಪು ಹೆಚ್ಚು ಹೇಳುತ್ತದೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು. ಹೊಲಿಗೆ ಪೆಟ್ಟಿಗೆಯ ಟೇಪು ಸಾಕು. ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ.

ತಾಟಿನ ಲೆಕ್ಕ

65 ಕಿಲೊ ತೂಕದವರು ಒಂದು ತಾಸು ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 225 ಕ್ಯಾಲೊರಿ. ಅಂದರೆ ಒಂದು ರೊಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ನಡೆದು ಬಂದು ಒಂದು ಪ್ಲೇಟು ಮಿರ್ಚಿ ಭಜಿ ತಿಂದರೆ ಲೆಕ್ಕ ಚುಕ್ತಾ. ನಡಿಗೆ ಒಂದೇ ತೂಕ ಇಳಿಸುವುದಿಲ್ಲ, ತಾಟೂ ಬದಲಾಗಬೇಕು.

ಅದಕ್ಕಾಗಿ ಓಟ್ಸ್ ತರಬೇಕಿಲ್ಲ, ರೊಟ್ಟಿ ಬಿಡಬೇಕಿಲ್ಲ. ಜೋಳ ನಾರಿರುವ ಒಳ್ಳೆಯ ಧಾನ್ಯ. ತೊಂದರೆ ಇರುವುದು ಎಷ್ಟು ಎಂಬುದರಲ್ಲಿ ಮತ್ತು ಜೊತೆಗೆ ಏನು ಎಂಬುದರಲ್ಲಿ. ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ. ಬದನಿಕಾಯಿ ಎಣ್ಣೆಗಾಯಿಯಲ್ಲಿ ತೇಲುವ ಎಣ್ಣೆಯನ್ನು ಒಮ್ಮೆ ಲೆಕ್ಕ ಹಾಕಿ. ಒಂದು ಹಿಡಿ ಶೇಂಗಾಕ್ಕೆ 160-170. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿದರೆ ಸಕ್ಕರೆಯದೇ 40. ದಿನಕ್ಕೆ ಐದು ಚಹಾ ಅಂದರೆ ಒಂದು ರೊಟ್ಟಿಯಷ್ಟು ಸಕ್ಕರೆ ಕುಡಿದ ಹಾಗೆ. ಬೆಲ್ಲ ಹಾಕಿದರೆ ಏನೂ ಆಗುವುದಿಲ್ಲ ಎನ್ನುವವರಿದ್ದಾರೆ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ಅಂತರವಿಲ್ಲ.

ನಮ್ಮ ಮನೆಯಲ್ಲಿ ಹೊತ್ತಿಗೆ ಮೂರರ ಜಾಗದಲ್ಲಿ ಎರಡು ರೊಟ್ಟಿ ಮಾಡಿದೆವು. ಹೆಸರುಕಾಳು, ಮಡಿಕೆಕಾಳಿನ ಪಲ್ಯ ದುಪ್ಪಟ್ಟು. ಮೆಂತೆ ಸೊಪ್ಪು, ಹಕ್ಕರಿಕೆ, ಸೌತೆಕಾಯಿ, ಗಜ್ಜರಿ ತಾಟಿನ ಅರ್ಧದಷ್ಟು. ಕೊನೆಗೆ ಅನ್ನದ ಬದಲು ಮಜ್ಜಿಗೆ. ಎಣ್ಣೆಯನ್ನು ಡಬ್ಬಿಯಿಂದ ನೇರವಾಗಿ ಸುರಿಯುವುದು ಬಿಟ್ಟು ಚಮಚದಿಂದ ಅಳೆಯುತ್ತೇವೆ. ಕಾಳು, ಮೊಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಇವು ಸ್ನಾಯು ಉಳಿಸುವ ಊಟ. ಇವನ್ನು ಕಡಿಮೆ ಮಾಡಬಾರದು.

ಹೆಣ್ಣುಮಕ್ಕಳಿಗೆ ಇನ್ನೊಂದು ಗುಟ್ಟಿನ ತಾಟಿದೆ. ಎಲ್ಲರದೂ ಊಟವಾದ ಮೇಲೆ ಬುಟ್ಟಿಯಲ್ಲಿ ಉಳಿದ ಒಂದು ರೊಟ್ಟಿ, ಪಾತ್ರೆಯ ತಳದ ಪಲ್ಯ, ಮೊಮ್ಮಗ ಬಿಟ್ಟ ಅರ್ಧ ಹೋಳಿಗೆ. ಚೆಲ್ಲಬಾರದು ಎಂದು ನಮ್ಮ ಹೊಟ್ಟೆಗೇ ಹಾಕುತ್ತೇವೆ. ಅನ್ನ ದೇವರು, ಖರೆ. ಆದರೆ ನಮ್ಮ ಹೊಟ್ಟೆ ಉಗ್ರಾಣವಲ್ಲ. ಹಿಟ್ಟು ಅಳತೆಯಿಂದ ನಾದಿದರೆ ಉಳಿಯುವುದೇ ಇಲ್ಲ.

ಮೊದಲ ವಾರ ಅತ್ತಿ ಮುಖ ನೋಡಿ ಕೇಳಿದರು: ‘ಯಾಕವಾ, ಮೈಯಾಗ ಆರಾಮಿಲ್ಲೇನ?’

‘ಆರಾಮ ಇರಬೇಕಂತನ ಕಡಿಮಿ ಉಣ್ಣಾಕತ್ತೇನ್ರಿ ಅತ್ತಿ’ ಅಂದೆ. ಅವರು ಮತ್ತೆ ಕೇಳಲಿಲ್ಲ. ಈಗ ಬೀಗರು ಬಂದಾಗ ಅವರೇ ‘ಒತ್ತಾಯ ಮಾಡಬ್ಯಾಡ್ರಿ, ಬೇಕಾದ್ರ ಕೇಳತಾರ’ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ.

ಹಬ್ಬದ ದಿನ ಲೆಕ್ಕ ಬೇಡ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಶೇಂಗಾ ಹೋಳಿಗೆ, ಕರ್ಚಿಕಾಯಿ ತಿನ್ನದಿದ್ದರೆ ಅದೆಂಥ ಬದುಕು? ಮೈ ಕೆಡುವುದು ಹಬ್ಬದ ದಿನದ ಊಟದಿಂದಲ್ಲ, ಹಬ್ಬ ಮುಗಿದು ಎರಡು ವಾರ ಡಬ್ಬಿಗೆ ಕೈ ಹಾಕುವುದರಿಂದ.

ನಡೆಯಲಿಕ್ಕೂ ಒಂದು ನೆವ ಬೇಕು

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ದಿನಕ್ಕೆ ಅರ್ಧ ತಾಸಿನಂತೆ ವಾರದಲ್ಲಿ ಐದು ದಿನ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅದೇ ಸರಿಯಾದ ವೇಗ.

ಪಟ್ಟಣದಲ್ಲಿ ಉದ್ಯಾನವಿರುತ್ತದೆ. ಹಳ್ಳಿಯಲ್ಲಿ ಹೆಣ್ಣುಮಗಳು ಸುಮ್ಮನೆ ನಡೆದರೆ ದಾರಿಯ ಕಟ್ಟೆಗಳೆಲ್ಲ ಕೇಳುತ್ತವೆ, ‘ಎಲ್ಲಿಗೆ ಹೊಂಟೀರಿ ಬಾಯಾರ?’ ಎಲ್ಲಿಗೂ ಇಲ್ಲ ಎಂದರೆ ನಗೆ. ಅದಕ್ಕೆ ನಾವು ಮೂವರು ಕೂಡಿಯೇ ಹೊರಡುತ್ತೇವೆ. ನಾಯಿಯ ಭಯ, ಕತ್ತಲ ಭಯ, ಮಂದಿ ಮಾತಿನ ಭಯ ಮೂರೂ ಕಡಿಮೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಹಂಗಾಮಿನಲ್ಲಿ ದೊಡ್ಡ ರಸ್ತೆ ಬಿಟ್ಟು ಹೊಲದ ದಾರಿ ಹಿಡಿಯುತ್ತೇವೆ. ಮುಂಜಾನೆ ಆಗದವರು ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಅಂಗಳದಲ್ಲೇ ತಿರುಗಾಡಲಿ. ಉಂಡ ಮೇಲಿನ ನಡಿಗೆ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ.

ರಾಯಣ್ಣನ ಊರಿನಲ್ಲಿ ದಂಡ ಹೊಡೆಯೋಣ

1798ರಲ್ಲಿ ಹುಟ್ಟಿ, ಕಿತ್ತೂರಿಗಾಗಿ ಹೋರಾಡಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಊರು ನಮ್ಮದು. ಜನವರಿಯ ಸಂಗೊಳ್ಳಿ ಉತ್ಸವಕ್ಕೆ ಬಂದವರು ಮೂರ್ತಿಯ ಎದೆ, ತೋಳು ನೋಡಿ ಬೆರಗಾಗುತ್ತಾರೆ. ಆ ಮೈಕಟ್ಟಿನ ಹಿಂದೆ ಗರಡಿಮನೆಯ ದಂಡ, ಬೈಠಕ್, ಗುಂಡು ಕಲ್ಲುಗಳಿದ್ದವು ಎಂಬುದು ನಮ್ಮ ಭಾಗದ ನಂಬಿಕೆ. ಇಂದು ವೈದ್ಯರು ‘ಸ್ನಾಯು ಬಲಪಡಿಸುವ ವ್ಯಾಯಾಮ, ವಾರಕ್ಕೆ ಎರಡು ದಿನವಾದರೂ’ ಎನ್ನುವುದು ಗರಡಿಯ ಇದೇ ಮಾತನ್ನೇ.

ಐವತ್ತರಲ್ಲಿ ನಾವು ಪೈಲ್ವಾನರಾಗಬೇಕಿಲ್ಲ. ನೆಲದ ಬದಲು ಗೋಡೆಗೆ ಕೈ ಒತ್ತಿ ಹತ್ತು ದಂಡ. ಕುರ್ಚಿಯ ಮೇಲೆ ಕೂತು ಕೈ ಊರದೆ ಹತ್ತು ಸಲ ಏಳುವುದು, ಅದೇ ನಮ್ಮ ಬೈಠಕ್. ಎರಡೆರಡು ಕಿಲೊ ಜೋಳ ತುಂಬಿದ ಚೀಲ ಎರಡು ಕೈಯಲ್ಲಿ ಹಿಡಿದು ಮೇಲೆ-ಕೆಳಗೆ. ಮೊದಲ ವಾರ ಒಂದು ಸುತ್ತು, ಆಮೇಲೆ ಎರಡು, ಮೂರು. ಮೊಣಕಾಲು ಚುಚ್ಚಿದರೆ ಅಲ್ಲಿಗೇ ನಿಲ್ಲಿಸಿ. ಶುಗರಿನ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಸಕ್ಕರೆ ಥಟ್ಟನೆ ಇಳಿದು ತಲೆ ಸುತ್ತೀತು. ನಡೆಯುವಾಗ ಎದೆ ಬಿಗಿದರೆ ಅದೇ ದಿನ ತೋರಿಸಿ.

ಪವಾಡವೇನೂ ಆಗಲಿಲ್ಲ. ಎಂಟು ತಿಂಗಳಲ್ಲಿ ನನ್ನದು ಐದು ಕಿಲೊ ಇಳಿಯಿತು, ಸೊಂಟ ಆರು ಸೆಂ.ಮೀ. ತಗ್ಗಿತು. ಎಂಬತ್ತಕ್ಕೆ ಇನ್ನೂ ದೂರವಿದೆ. ಮೈದುನನ ಗುಳಿಗೆ ನಿಂತಿಲ್ಲ, ಆದರೆ ಹೆಚ್ಚೂ ಆಗಿಲ್ಲ. ನನಗೆ ಬೇಕಾದದ್ದು ತೆಳ್ಳಗಿನ ಮೈಯೂ ಅಲ್ಲ. ಎಪ್ಪತ್ತರಲ್ಲೂ ನೆಲದ ಮೇಲೆ ಕೂತು ಉಂಡು, ಯಾರ ಕೈಯೂ ಹಿಡಿಯದೆ ಏಳಬೇಕು. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ನನ್ನ ಕಾಲಿನ ಮೇಲೆ ಹತ್ತಬೇಕು.

ನಿಮ್ಮ ಮನೆಯ ರೊಟ್ಟಿ ಎಷ್ಟು ಗ್ರಾಂ? ನಾಳೆ ಹಿಟ್ಟು ನಾದುವಾಗ ಒಂದು ಉಂಡೆ ತೂಗಿ ನೋಡಿ. ಲೆಕ್ಕ ಅಲ್ಲಿಂದಲೇ ಶುರುವಾಗಲಿ.