ತಲೆಯ ಗಾಯ ಮಾಯ್ದ ಮೇಲೆ

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣೆಯ ದಡದ ಊರು. ಅಲ್ಲಮಪ್ರಭುವಿನ ಗುಡಿಯಿಂದಾಗಿ ಸುತ್ತಲಿನ ಸೀಮೆಗೆಲ್ಲ ಪರಿಚಿತವಾದದ್ದು. ನನಗಾದರೋ ಅದು ನನ್ನ ದೇಹವೇ ನನಗೆ ಪಾಠ ಹೇಳಿದ ಸ್ಥಳ.

2009ರ ಬೇಸಿಗೆಯಲ್ಲಿ ಆ ಊರಿನ ದಾರಿಯಲ್ಲಿ ನಾನು ಮೋಟಾರ್ ಸೈಕಲ್ಲಿನಿಂದ ಬಿದ್ದೆ. ಹತ್ತಿರದ ಊರಿಗೆ ಹೋಗಿಬರಲು ಹೆಲ್ಮೆಟ್ಟೇಕೆ ಎಂಬ ಉದಾಸೀನ ನನ್ನದು. 11 ದಿನ ಎಚ್ಚರವಿರಲಿಲ್ಲವಂತೆ. ಕೆಲವು ತಿಂಗಳ ತರುವಾಯ ಶಾಲೆಗೆ ಮರಳಿ ಹಾಜರಿ ಪುಸ್ತಕ ಹಿಡಿದಾಗ ಸಹೋದ್ಯೋಗಿಗಳು ಪುನರ್ಜನ್ಮವೆಂದರು. ನಾನೂ ಹಾಗೆಯೇ ಭಾವಿಸಿದೆ. ಗಾಯ ಮಾಯಿತು, ಕೂದಲು ಬೆಳೆದು ಕಲೆಯನ್ನು ಮುಚ್ಚಿತು, ಇನ್ನೇನು ಬೇಕು?

ಮೊದಲು ಕೈಕೊಟ್ಟದ್ದು ಮೂಗು. ಮುಂಗಾರಿನ ಮೊದಲ ಹನಿಗೆ ಎರೆಭೂಮಿ ನೆನೆದಾಗ ಮನೆಯವರೆಲ್ಲ ಅಂಗಳದಲ್ಲಿ ನಿಂತು ಉಸಿರೆಳೆದುಕೊಂಡರು. ನನಗೆ ಬರಿಯ ಗಾಳಿ. ವಾಸನೆಯ ನರತಂತುಗಳು ಮೂಗಿನ ಮೇಲಣ ಜರಡಿಯಂಥ ತೆಳು ಎಲುಬನ್ನು ಹಾದು ಮಿದುಳನ್ನು ಸೇರುತ್ತವೆ. ಮಿದುಳು ಜೋರಾಗಿ ಅಲುಗಿದರೆ ಅವು ಹರಿಯಬಹುದು. ವಾಸನೆಯಿಲ್ಲದ ಊಟಕ್ಕೆ ರುಚಿಯೆಲ್ಲಿ? ಉಪ್ಪೂ ಉಪ್ಪಿನಕಾಯಿಯೂ ಹೆಚ್ಚಿದವು. ಕೆಲವು ವರ್ಷಗಳಲ್ಲಿ ರಕ್ತದೊತ್ತಡವೂ ಏರಿತು. ಉಪ್ಪೊಂದೇ ಕಾರಣವೆನ್ನಲಾರೆ; ಅದು ನಿರಪರಾಧಿಯೆಂದೂ ಅನ್ನಲಾರೆ.

ಎರಡನೆಯ ವರ್ಷ ಮಾತ್ರೆಗಳನ್ನು ನಾನೇ ನಿಲ್ಲಿಸಿದೆ. "ಚೆನ್ನಾಗಿದ್ದೀರಲ್ಲ, ಇನ್ನೂ ಔಷಧವೇಕೆ?" ಎಂದು ಹಿತೈಷಿಗಳು ಕೇಳಿದರು, ನಾನು ಕೇಳಬಯಸಿದ್ದೂ ಅದೇ ಮಾತು. ತಿಂಗಳು ಕಳೆದಿರಲಿಲ್ಲ, ಗೂಗಲ್ಲಿನಲ್ಲಿ ಕಾಲು ತೊಳೆಯಲು ಹೊಳೆಗಿಳಿದವನು ಮೂರ್ಛೆ ಬಂದು ನೀರಿಗೆ ಉರುಳಿದೆ. ಬಟ್ಟೆ ಒಗೆಯುತ್ತಿದ್ದ ತಾಯಿಯೊಬ್ಬಳು ಎಳೆದುಕೊಂಡಳು. ನೆರೆದವರು ಕೈಗೆ ಬೀಗದಕೈ ಕೊಟ್ಟು ಮೂಗಿಗೆ ಈರುಳ್ಳಿ ಹಿಡಿದರಂತೆ. ವಾಸನೆಯೇ ತಿಳಿಯದ ಮೂಗಿಗೆ! ಬೇಕಾಗಿದ್ದುದು ಇಷ್ಟೇ: ಮಗ್ಗುಲಾಗಿ ಮಲಗಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯುವುದು.

ಅನಂತರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆ. ಮಿದುಳಿನ ಗಾಯವೂ ಕಲೆ ಬಿಟ್ಟುಹೋಗುತ್ತದೆ, ಆ ಕಲೆ ವರ್ಷಗಳ ಮೇಲೂ ಕೆರಳಬಹುದೆಂದು ಅರಿತದ್ದು ಆಗ. ಅಮೆರಿಕದ ಮಿನ್ನೆಸೋಟಾದಲ್ಲಿ 4,541 ಮಂದಿಯನ್ನು ಕುರಿತು ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ತಲೆಗೆ ತೀವ್ರ ಪೆಟ್ಟು ಬಿದ್ದವರಲ್ಲಿ 30 ವರ್ಷಗಳೊಳಗೆ ನೂರಕ್ಕೆ ಸುಮಾರು 17 ಮಂದಿಗೆ ಮೂರ್ಛೆ ಬರುವುದೆಂದು ಅದು ಲೆಕ್ಕ ಹಾಕಿತು.

ಮನಶ್ಶಾಸ್ತ್ರ ಓದಿದ ವಿದ್ಯಾರ್ಥಿಗಳು ಫಿನಿಯಸ್ ಗೇಜ್‌ನನ್ನು ಬಲ್ಲರು. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆ ಅವನ ತಲೆಬುರುಡೆಯನ್ನು ತೂರಿಹೋಯಿತು. ಅವನು ಬದುಕಿದ. ಅವನ ಸ್ವಭಾವ ಬದಲಾದುದನ್ನು ಪುಸ್ತಕಗಳು ವಿಸ್ತಾರವಾಗಿ ಹೇಳುತ್ತವೆ. 1860ರಲ್ಲಿ, ಎಂದರೆ ಸುಮಾರು ಹನ್ನೆರಡು ವರ್ಷಗಳ ಬಳಿಕ, ಮೂರ್ಛೆಯ ಮೇಲೆ ಮೂರ್ಛೆ ಬಂದು ಅವನು ತೀರಿಕೊಂಡನೆಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಮೂರ್ಛೆಯೊಂದೇ ಅಲ್ಲ. ತೀರದ ಆಯಾಸವನ್ನು ಸೋಮಾರಿತನವೆಂದು ಮನೆಯವರು ಗದರಿಸುತ್ತಾರೆ. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ನೊಂದಿದ್ದರೂ ಹಾಗಾದೀತು, ರಕ್ತಪರೀಕ್ಷೆಯಿಂದ ಅದರ ಸುಳಿವು ಸಿಗುತ್ತದೆ. ನಿದ್ದೆ ಕೆಡುವುದು, ತೋಲ ತಪ್ಪುವುದು, ಸ್ನಾಯು ಬಿಗಿಯುವುದು ಇವೆಲ್ಲ ಆ ಒಂದು ದಿನದ ಶೇಷಗಳೇ ಆಗಿರಬಹುದು.

ನನಗೆ ಸಂಬಳದ ರಜೆಯಿತ್ತು. ನಮ್ಮ ತಾಲ್ಲೂಕಿನಿಂದ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವವರಿಗೆ ಏನಿದೆ? ಸಾರುವೆಯಿಂದ ಬಿದ್ದವನ ಹೊಲಿಗೆ ಬಿಚ್ಚಿದೊಡನೆ ಅವನನ್ನು ಗುಣವಾದವನೆಂದು ಎಣಿಸುತ್ತಾರೆ. ಅವನು ಮತ್ತೆ ಅದೇ ಸಾರುವೆಯನ್ನೇರುತ್ತಾನೆ. ಮುಂದಿನ ಮೂರ್ಛೆ ಬಂದಾಗ ಅವನು ಎಷ್ಟನೆಯ ಅಂತಸ್ತಿನಲ್ಲಿರುತ್ತಾನೋ!

ಈಗ ನಾನು ಹೊಳೆಗೆ ಒಬ್ಬನೇ ಇಳಿಯುವುದಿಲ್ಲ. ಮಾತ್ರೆಯ ಹೊತ್ತು ತಪ್ಪಿಸುವುದಿಲ್ಲ. "ಹುಷಾರಾಗಿದ್ದೀರಾ?" ಎಂದು ಕೇಳಿದವರಿಗೆ ಹುಷಾರಾಗಿದ್ದೇನೆ ಎನ್ನುತ್ತೇನೆ. ಆ ಮಾತಿಗೆ ನಮ್ಮಲ್ಲಿ ಎರಡು ಅರ್ಥ: ಗುಣವಾಗಿದ್ದೇನೆ, ಎಚ್ಚರದಿಂದಿದ್ದೇನೆ. ನಾನು ಹೇಳುವುದು ಎರಡನೆಯದನ್ನು.