ಹಾಡಿನ ಹಿಂದೆ ನಿಲ್ಲುವ ನಾದ: ಭಜನೆಗೆ ಹೊಂದುವ ‘ಪ್ಯಾಡ್’ ಹುಡುಕುವುದು ಹೇಗೆ?

ಥಾಣೆ: ನವರಾತ್ರಿಯ ಭಜನೆ, ನವೆಂಬರ್ ತಿಂಗಳ ರಾಜ್ಯೋತ್ಸವ, ಅದರ ಬೆನ್ನಿಗೇ ವಾರ್ಷಿಕೋತ್ಸವ. ಮುಂಬಯಿ ಮತ್ತು ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳಿಗೆ ಇದು ಬಿಡುವಿಲ್ಲದ ಕಾಲ. ಹಿಂದೆ ಹಾರ್ಮೋನಿಯಂ, ತಬಲಾ, ಎರಡು ಜೊತೆ ತಾಳ ಇದ್ದರೆ ಕಾರ್ಯಕ್ರಮ ಸಾಗುತ್ತಿತ್ತು. ಈಗ ಹಾಡುವವರಲ್ಲಿ ಅನೇಕರು ಪೆನ್‌ಡ್ರೈವ್ ಹಿಡಿದೇ ವೇದಿಕೆ ಏರುತ್ತಾರೆ. ಆ ಹಿಮ್ಮೇಳವನ್ನು ಸಿದ್ಧಪಡಿಸುವುದು ಹೆಚ್ಚಾಗಿ ನಮ್ಮದೇ ಮನೆಯ ಮಕ್ಕಳು, ತಮ್ಮ ಕಂಪ್ಯೂಟರಿನಲ್ಲಿ. ಅವರನ್ನು ಕಾಡುವ ಪ್ರಶ್ನೆ ಒಂದೇ: ಹಾಡಿನ ಹಿಂದೆ ತುಂಬಿಕೊಂಡು ನಿಲ್ಲುವ ಆ ಮೆತ್ತನೆಯ ನಾದ, ಸಂಗೀತಗಾರರು ‘ಪ್ಯಾಡ್’ ಎಂದು ಕರೆಯುವ ಸ್ವರ, ಚೆನ್ನಾಗಿರುವುದು ಎಲ್ಲಿ ಸಿಗುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನೂ ಪೆಟ್ಟು ತಿಂದವನೇ. ನೌಪಾಡಾದ ನಮ್ಮ ಮನೆಯಲ್ಲಿ ಭಜನಾ ಮಂಡಳಿಯ ಹಿರಿಯ ತಾಯಿಯೊಬ್ಬರ ದೇವರನಾಮಗಳನ್ನು ಮುದ್ರಿಸಿಕೊಳ್ಳಲು ಕುಳಿತಿದ್ದೆವು. ತಮ್ಮ ತಾಯಿಯಿಂದ ಕಲಿತ ಧಾಟಿಗಳು. ಆ ಧಾಟಿಯಲ್ಲಿ ಹಾಡುವವರು ನಮ್ಮ ಮಂಡಳಿಯಲ್ಲಿ ಅವರೊಬ್ಬರೇ. ಗೋಖಲೆ ರಸ್ತೆಯ ಹಾರ್ನ್ ಸದ್ದು ತಗ್ಗುವ ಮಧ್ಯಾಹ್ನದ ಹೊತ್ತು ಆರಿಸಿ, ಫ್ಯಾನ್ ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿದ್ದೆ. ಭಾರಿ ಗಾತ್ರದ, ಕಿವಿ ತುಂಬುವ ಪ್ಯಾಡ್ ಒಂದನ್ನು ಹುಡುಕಿಟ್ಟುಕೊಂಡಿದ್ದೆ. ಎರಡು ಸಾಲು ಹಾಡಿದವರು ಹೆಡ್‌ಫೋನ್ ತೆಗೆದಿಟ್ಟು, “ಮಗಾ, ಇದು ನನ್ನನ್ನು ಬೇರೆ ಎಲ್ಲಿಗೋ ಎಳೀತದೆ” ಅಂದರು.

ತಪ್ಪು ಅವರದಲ್ಲ, ನನ್ನದು. ಹಾಡು ಭೈರವಿಯ ಛಾಯೆಯದು, ಗಾಂಧಾರ ಕೋಮಲ. ನಾನು ಸಿನಿಮಾ ಹಾಡಿನ ಅಭ್ಯಾಸದಲ್ಲಿ ಪ್ಯಾಡಿಗೆ ಷಡ್ಜ, ಶುದ್ಧ ಗಾಂಧಾರ, ಪಂಚಮ ಒತ್ತಿ ಹಿಡಿದಿದ್ದೆ. ಅವರು ಗಾಂಧಾರಕ್ಕೆ ಬಂದಾಗಲೆಲ್ಲ ಎರಡು ಗಾಂಧಾರಗಳು ಒಂದನ್ನೊಂದು ತಿಕ್ಕುತ್ತಿದ್ದವು.

ಹೊಸ ಹೆಸರು, ಹಳೆಯ ಕೆಲಸ

ನಿಜ ಹೇಳಬೇಕೆಂದರೆ ಪ್ಯಾಡ್ ನಮಗೆ ಹೊಸದಲ್ಲ. ತಂಬೂರಿ ಮಾಡುವುದು ಇದೇ ಕೆಲಸ. ಯಕ್ಷಗಾನದಲ್ಲಿ ಹಿಂದೆ ಶ್ರುತಿಗೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಇಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ರೂಪಿಸಿದರು. ಅವರ ‘ರಾಡೆಲ್’ ಸಂಸ್ಥೆಯ ಹೆಸರು ಸಂಗೀತದ ಮನೆಗಳಲ್ಲಿ ಪರಿಚಿತ.

ಸಿಂಥಸೈಜರ್ ಕೂಡ ನಮ್ಮ ನಗರಕ್ಕೆ ಹೊಸತಲ್ಲ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಜುಪಿಟರ್-8, ಟಿಬಿ-303, ಟಿಆರ್-808 ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಮುದ್ರಿಸಿದ್ದರು. ಅಂದು ಹೆಚ್ಚು ಗಮನ ಸೆಳೆಯದ ಆ ರೆಕಾರ್ಡ್ 2010ರಲ್ಲಿ ವಿದೇಶದಲ್ಲಿ ಮರುಬಿಡುಗಡೆಯಾಗಿ ಜಗತ್ತೇ ತಿರುಗಿ ನೋಡುವಂತಾಯಿತು. 2015ರಲ್ಲಿ ಅವರು ನಿಧನರಾದರು.

ಇಂದು ನಾವು ಕೇಳುವ ಪ್ಯಾಡ್‌ಗಳ ಮೂಲ ಹೆಚ್ಚಾಗಿ ಎಂಬತ್ತರ ದಶಕದ್ದು. ಯಮಹಾ ಡಿಎಕ್ಸ್-7 (1983), ರೋಲ್ಯಾಂಡ್ ಡಿ-50 (1987), ಕಾರ್ಗ್ ಎಂ-1 (1988) ಇವುಗಳ ಸ್ವರಗಳು ಎಷ್ಟೋ ಸಿನಿಮಾ ಹಾಡುಗಳಲ್ಲಿವೆ. 1991ರಲ್ಲಿ ಕೀಬೋರ್ಡ್ ಸ್ವರಗಳಿಗೆ ‘ಜನರಲ್ ಮಿಡಿ’ ಎಂಬ ಸಾಮಾನ್ಯ ಪಟ್ಟಿ ಬಂದಾಗ 89ರಿಂದ 96ರವರೆಗಿನ ಎಂಟು ಸಂಖ್ಯೆಗಳನ್ನು ಪ್ಯಾಡ್‌ಗಳಿಗೇ ಮೀಸಲಿಡಲಾಯಿತು. ಮನೆಯಲ್ಲಿ ಹಳೆಯ ಕೀಬೋರ್ಡ್ ಇದ್ದು ಅದರಲ್ಲಿ ಈ ಪಟ್ಟಿ ಇದ್ದರೆ ಮೊದಲು 90ನೇ ಸಂಖ್ಯೆಯ ‘ವಾರ್ಮ್’ ಪ್ಯಾಡ್ ಕೇಳಿ ನೋಡಿ. ಎಷ್ಟೋ ಭಜನೆಗಳಿಗೆ ಅದೇ ಸಾಕಾಗುತ್ತದೆ.

ಖರ್ಚಿಲ್ಲದೆ ಸಿಗುವುದು

ಕಂಪ್ಯೂಟರ್ ಇದ್ದವರಿಗೆ ದುಡ್ಡು ಕೊಡದೆ ಸಿಗುವ ಒಳ್ಳೆಯ ತಂತ್ರಾಂಶಗಳಿವೆ. ‘ಸರ್ಜ್’ ಮೊದಲು ಮಾರಾಟದ ಸರಕಾಗಿತ್ತು. 2018ರಲ್ಲಿ ಅದರ ಮೂಲಸಂಕೇತವನ್ನು ಎಲ್ಲರಿಗೂ ಮುಕ್ತಗೊಳಿಸಲಾಯಿತು. ಈಗ ‘ಸರ್ಜ್ ಎಕ್ಸ್‌ಟಿ’ ಎಂಬ ಹೆಸರಿನಲ್ಲಿ ಪೂರ್ತಿ ಉಚಿತ. 2020ರಲ್ಲಿ ಬಂದ ‘ವೈಟಲ್’ ತಂತ್ರಾಂಶಕ್ಕೂ ಉಚಿತ ಆವೃತ್ತಿ ಇದೆ. ಡಿಎಕ್ಸ್-7ರ ಸ್ವರ ಬೇಕಾದವರಿಗೆ ‘ಡೆಕ್ಸೆಡ್’ ಇದೆ. ಇವುಗಳನ್ನು ಕೂರಿಸಿ ಮುದ್ರಿಸಲು ಆ್ಯಪಲ್ ಯಂತ್ರಗಳಲ್ಲಿ ‘ಗ್ಯಾರೇಜ್‌ಬ್ಯಾಂಡ್’, ವಿಂಡೋಸ್‌ನಲ್ಲಿ ‘ರೀಪರ್’ ಮುಂತಾದವು ಇವೆ. ಸಾವಿರಾರು ರೂಪಾಯಿಯ ತಂತ್ರಾಂಶ ‘ಫ್ರೀ’ ಎಂದು ಕದ್ದು ಹಂಚುವ ಜಾಗಗಳ ಗೋಜಿಗೆ ಮಕ್ಕಳು ಹೋಗದಂತೆ ಹಿರಿಯರು ನೋಡಿಕೊಳ್ಳಬೇಕು. ಅದು ಕಳ್ಳಮಾಲು, ಜೊತೆಗೆ ಬರುವ ವೈರಸ್ ಮನೆಯ ಬ್ಯಾಂಕ್ ವ್ಯವಹಾರಕ್ಕೇ ಕುತ್ತು ತರಬಹುದು.

ಒಂದೊಂದು ತಂತ್ರಾಂಶದಲ್ಲೂ ನೂರಾರು ಸಿದ್ಧ ಸ್ವರಗಳಿರುತ್ತವೆ. ಎಲ್ಲವನ್ನೂ ಕೇಳುತ್ತ ಕುಳಿತರೆ ರಾತ್ರಿ ಬೆಳಗಾದೀತು. ಒಂಟಿಯಾಗಿ ಕೇಳಿದಾಗ ಅದ್ಭುತ ಎನಿಸುವ ಪ್ಯಾಡ್ ಹಾಡಿನ ಜೊತೆ ಸೇರಿದಾಗ ಹಾಡನ್ನೇ ನುಂಗುವುದುಂಟು. ಆದ್ದರಿಂದ ಮೊದಲು ಹಾಡನ್ನು ಮುದ್ರಿಸಿ, ಆ ಧ್ವನಿಯ ಕೆಳಗೆ ಪ್ಯಾಡ್‌ಗಳನ್ನು ಒಂದೊಂದಾಗಿ ಇಟ್ಟು ಕೇಳುವುದೇ ಸರಿಯಾದ ಕ್ರಮ.

ಗಮನಿಸಬೇಕಾದ ಐದು ಸಂಗತಿ

ಒಂದು, ಒಂದೇ ಒಂದು ಮನೆ ಒತ್ತಿ ಹಿಡಿದು ಕೇಳಿ. ಕೆಲವು ಸಿದ್ಧ ಸ್ವರಗಳ ಒಳಗೇ ಮತ್ತೊಂದು ಸ್ವರ ಬೆರೆತಿರುತ್ತದೆ. ಅಂಥದ್ದು ನಮ್ಮ ರಾಗಕ್ಕೆ ಒಗ್ಗದು.

ಎರಡು, ರಾಗದ ಹಾಡಿಗೆ ಷಡ್ಜ-ಪಂಚಮ ಮಾತ್ರ ಹಿಡಿಯಿರಿ. ಮಾಲಕೌಂಸ್‌ನಂತೆ ಪಂಚಮವಿಲ್ಲದ ರಾಗವಾದರೆ ಷಡ್ಜ-ಮಧ್ಯಮ. ಭಾವಗೀತೆಗೆ ಬೇರೆ ಸ್ವರ ಸೇರಿಸಬಹುದು, ಆದರೆ ಧಾಟಿ ತಿಳಿದು ಸೇರಿಸಬೇಕು.

ಮೂರು, ಶ್ರುತಿ. ‘ಕಪ್ಪು ನಾಲ್ಕು’ ಎಂದರೂ ಹಳೆಯ ಹಾರ್ಮೋನಿಯಂನ ಕಪ್ಪು ನಾಲ್ಕು ಕಂಪ್ಯೂಟರಿನದಕ್ಕಿಂತ ತುಸು ಏರಿಯೋ ಇಳಿದೋ ಇರಬಹುದು. ತಂತ್ರಾಂಶದಲ್ಲಿ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸುವ ಸೌಲಭ್ಯವಿದೆ. ಸರಿಸಬೇಕಾದದ್ದು ಯಂತ್ರವನ್ನು, ಹಾಡುವವರನ್ನಲ್ಲ.

ನಾಲ್ಕು, ಸ್ವರ ಹುಟ್ಟುವ ಮತ್ತು ಆರುವ ಹೊತ್ತು. ಯಂತ್ರದಲ್ಲಿ ಇವಕ್ಕೆ ಅಟ್ಯಾಕ್, ರಿಲೀಸ್ ಎಂದು ಹೆಸರು. ಒಂದೆರಡು ಸೆಕೆಂಡಿನಲ್ಲಿ ಮೆಲ್ಲಗೆ ಎದ್ದು, ಮೂರು-ನಾಲ್ಕು ಸೆಕೆಂಡಿನಲ್ಲಿ ಮೆಲ್ಲಗೆ ಆರಿದರೆ ಹಿತ. ನಾದ ತೂಗಾಡುವಂತೆ ಮಾಡುವ ಡಿಟ್ಯೂನ್, ಕೋರಸ್ ಗುಂಡಿಗಳನ್ನು ಆದಷ್ಟು ತಗ್ಗಿಸಿ. ಶ್ರುತಿಯೇ ತೂಗಾಡಿದರೆ ಹಾಡುವವರು ಯಾವುದನ್ನು ಹಿಡಿದುಕೊಳ್ಳಬೇಕು?

ಐದು, ಜಾಗ. ಸಾಹಿತ್ಯದ ಅಕ್ಷರಗಳು ಸ್ಪಷ್ಟವಾಗಿ ಕೇಳಿಸುವುದು ಬಹುಮಟ್ಟಿಗೆ 1,000ದಿಂದ 4,000 ಹರ್ಟ್ಸ್ ನಡುವೆ. ಫಿಲ್ಟರ್ ಬಳಸಿ ಪ್ಯಾಡನ್ನು ಆ ಭಾಗದಲ್ಲಿ ಮಂದಗೊಳಿಸಿ. 150 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆಯನ್ನೂ ಕತ್ತರಿಸಿ. ಸಭಾಗೃಹದ ದೊಡ್ಡ ಸ್ಪೀಕರುಗಳಲ್ಲಿ ಅದೇ ತಬಲಾದ ಡಗ್ಗಾವನ್ನು ಮುಚ್ಚಿಹಾಕುತ್ತದೆ. ಪ್ಯಾಡ್ ಇದೆ ಎಂದು ತಿಳಿಯುವುದು ಅದನ್ನು ನಿಲ್ಲಿಸಿದಾಗ ಮಾತ್ರ ಎಂಬಷ್ಟು ಸಣ್ಣಗಿದ್ದರೆ ಸಾಕು.

ಬರಿಯ ಧ್ವನಿ ಉಳಿಸಿಕೊಳ್ಳಿ

ಆ ತಾಯಿಯ ಮುದ್ರಣಕ್ಕೆ ಕೊನೆಗೆ ಉಳಿದದ್ದು ‘ಸರ್ಜ್’ನಲ್ಲಿ ಯಾವ ಅಲಂಕಾರವೂ ಇಲ್ಲದ ಒಂದು ಸ್ವರ, ಷಡ್ಜ-ಪಂಚಮ ಎರಡೇ. ಅದನ್ನು ಕೇಳಿಸಿದಾಗ ಅವರು ಏನೂ ಹೇಳಲಿಲ್ಲ, ಕಣ್ಣು ಮುಚ್ಚಿ ಹಾಡತೊಡಗಿದರು. ಒಂದೇ ಮಧ್ಯಾಹ್ನದಲ್ಲಿ ಏಳು ಹಾಡುಗಳಾದವು. ಈಗ ಅವರು ಊರಿಗೆ ಹೋಗಿ ಮಗನ ಮನೆಯಲ್ಲಿದ್ದಾರೆ. ನಮ್ಮ ಮಂಡಳಿಯ ಹುಡುಗಿಯರು ಆ ಮುದ್ರಣ ಕೇಳಿಯೇ ಧಾಟಿ ಕಲಿಯುತ್ತಿದ್ದಾರೆ.

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ವಾರ್ಷಿಕೋತ್ಸವದ ಹಿಮ್ಮೇಳ ಸಿದ್ಧಪಡಿಸುವ ಮಕ್ಕಳ ಕೈಗೆ ಈ ಕೆಲಸವನ್ನೂ ಕೊಡಿ. ನಿಮ್ಮ ಮಂಡಳಿಯ ಹಿರಿಯರ ಹಾಡುಗಳನ್ನು ಅವರ ಶ್ರುತಿಯಲ್ಲೇ ಮುದ್ರಿಸಲಿ. ಪ್ಯಾಡ್ ಸೇರಿಸಿದ ಪ್ರತಿಯ ಜೊತೆಗೆ ಬರಿಯ ಧ್ವನಿಯ ಪ್ರತಿಯನ್ನು ಬೇರೆಯಾಗಿ, ಎಂಪಿ-3ಗೆ ಇಳಿಸದೆ ‘ವೇವ್’ ಕಡತವಾಗಿಯೇ ತೆಗೆದಿಡಲಿ. ಹಾಡಿದವರ ಹೆಸರು, ಊರು, ಕಲಿಸಿದವರು ಯಾರು, ಮುದ್ರಿಸಿದ ವರ್ಷ ಇಷ್ಟನ್ನು ಬರೆದಿಟ್ಟು ಎರಡು ಕಡೆ ಕಾಪಿಡಬೇಕು. ಪ್ಯಾಡ್ ಚೆನ್ನಾಗಿಲ್ಲವೆಂದರೆ ನಾಳೆ ಇನ್ನೊಂದು ಹಾಕಬಹುದು. ಧ್ವನಿಗೆ ಆ ಅನುಕೂಲ ಇಲ್ಲ.